ಮನೆತನದ ಚರಿತ್ರೆಗೆ ಮನೆಯವರದೇ ದುಡ್ಡು

ಸಂತ ವಿನ್ಸೆಂಟ್ ದೆ ಪೌಲ್ ಹುಟ್ಟಿದ್ದು 1576ರಲ್ಲಿ ಎಂದು ಅವರ ಅನುಯಾಯಿಗಳು ಎರಡೂವರೆ ಶತಮಾನ ನಂಬಿಕೊಂಡಿದ್ದರು. ಸಂತರು ತಮ್ಮ ವಯಸ್ಸಿನ ಬಗ್ಗೆ ತಾವೇ ಆಡಿದ್ದ ಮಾತುಗಳನ್ನು ಲೆಕ್ಕ ಹಾಕಿ, ಅದು 1581 ಎಂದು 1922ರಲ್ಲಿ ತೋರಿಸಿಕೊಟ್ಟವರು ಪಿಯೆರ್ ಕೋಸ್ತ್. ಐದು ವರ್ಷ ತಾನೇ ಎನ್ನುವಂತಿರಲಿಲ್ಲ. 1600ರಲ್ಲಿ ಗುರುದೀಕ್ಷೆ ಪಡೆದಾಗ ವಿನ್ಸೆಂಟರಿಗೆ ಬರೀ ಹತ್ತೊಂಬತ್ತು ಎಂದಾಯಿತು. ಚರ್ಚಿನ ನಿಯಮದ ವಯಸ್ಸಿಗೆ ಇನ್ನೂ ಹಲವು ವರ್ಷ ಬಾಕಿಯಿತ್ತು. ಸಂತರ ಕಡತದಲ್ಲಿ ಇಂಥ ಹುಳುಕು ತೆಗೆದ ಕೋಸ್ತ್ ಹೊರಗಿನವರಲ್ಲ, ವಿನ್ಸೆಂಟ್ 1625ರಲ್ಲಿ ಕಟ್ಟಿದ ಸಭೆಯದೇ ಪಾದ್ರಿ.

ಧಾರ್ಮಿಕ ಸಭೆಯೊಂದು ತನ್ನದೇ ಪರಂಪರೆಯ ಸಂಶೋಧನೆಗೆ ಹಣ ಕೊಟ್ಟರೆ ಹೊರಬರುವುದು ಹೊಗಳಿಕೆಯೇ ಎಂಬ ಗುಮಾನಿಗೆ ಕೋಸ್ತ್ ಒಳ್ಳೆಯ ಉತ್ತರ. ಪೂರ್ತಿ ಉತ್ತರವಲ್ಲ.

ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯವನ್ನು ಇದೇ ಸಭೆಯವರು 1898ರಲ್ಲಿ ಸ್ಥಾಪಿಸಿದರು. ಅಲ್ಲಿನ ವಿನ್ಸೆಂಟಿಯನ್ ಅಧ್ಯಯನ ಸಂಸ್ಥೆ ಸಂಶೋಧಕರಿಗೆ ಧನಸಹಾಯ ಕೊಡುತ್ತದೆ, ನಿಯತಕಾಲಿಕ ತರುತ್ತದೆ. ಕೋಸ್ತ್ ಸಂಪಾದಿಸಿದ ಪತ್ರ-ದಾಖಲೆಗಳ ಸಂಪುಟಗಳ ಇಂಗ್ಲಿಷ್ ಅನುವಾದ ಇಂದು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ದುಡ್ಡು ಎಲ್ಲಿ ಹೋಯಿತು ಎಂದು ಕೇಳುವವರಿಗೆ ಇದೊಂದೇ ಸಾಕು. (ನಮ್ಮ ಚರ್ಚುಗಳಲ್ಲಿ ಬಡವರ ನೆರವಿಗೆ ನಿಲ್ಲುವ ವಿನ್ಸೆಂಟ್ ದೆ ಪೌಲ್ ಸೊಸೈಟಿ ಬೇರೆಯದು, ಅದು 1833ರಲ್ಲಿ ಪ್ಯಾರಿಸಿನ ಶ್ರೀಸಾಮಾನ್ಯರು ಕಟ್ಟಿಕೊಂಡದ್ದು.)

ತೊಡಕು ಇರುವುದು ಹಣದಲ್ಲಲ್ಲ, ಕಿವಿಯಲ್ಲಿ. ಅಮೆರಿಕದ ಮಿಸೌರಿಯಲ್ಲಿ ನೆಲೆಯೂರಿದ ವಿನ್ಸೆಂಟಿಯನ್ನರು ಗುಲಾಮರನ್ನು ಇಟ್ಟುಕೊಂಡಿದ್ದರು. ಪೆರಿ ಕೌಂಟಿಯ ಆ ಚರಿತ್ರೆಯನ್ನು ಸಭೆಯ ಪಾದ್ರಿ ಸ್ಟಾಫರ್ಡ್ ಪೂಲ್ ಮತ್ತು ಡಗ್ಲಸ್ ಸ್ಲಾಸನ್ 1986ರಲ್ಲೇ ಪುಸ್ತಕವಾಗಿ ತಂದರು. ಗುಲಾಮರನ್ನು ಹೊಂದಿದ್ದ ಬಿಷಪ್ ಜೋಸೆಫ್ ರೊಸಾಟಿಯ ಹೆಸರನ್ನು ಡಿಪಾಲ್ ತನ್ನ ಗ್ರಂಥಾಲಯದ ಕೋಣೆಯಿಂದ ತೆಗೆದದ್ದು 2021ರಲ್ಲಿ. ಅವರ ಬಳಿ ಗುಲಾಮಳಾಗಿದ್ದ ಅಸ್ಪೇಸಿಯಾ ಲಕಾಂಪ್ಟ್ ಹೆಸರು ವಿದ್ಯಾರ್ಥಿನಿಲಯವೊಂದಕ್ಕೆ ಬಂತು. ನಡುವೆ ಮೂವತ್ತೈದು ವರ್ಷ. ಪುಸ್ತಕ ಕಪಾಟಿನಲ್ಲೇ ಇತ್ತು.

‘ಪರಂಪರೆ’ ಎಂಬ ಶೀರ್ಷಿಕೆಯಡಿ ಧನಸಹಾಯಕ್ಕೆ ಅರ್ಜಿ ಕರೆಯುವುದೇ ಈ ವಿಳಂಬಕ್ಕೊಂದು ಕಾರಣವಿರಬಹುದು. ಆ ಮಾತು ಕೇಳಿದೊಡನೆ ಅರ್ಜಿದಾರರ ಕಣ್ಣು ಸ್ಥಾಪಕರ ಕಡೆ ಹೊರಳುತ್ತದೆ, ಹೊಲದಲ್ಲಿ ದುಡಿದವರ ಕಡೆಗಲ್ಲ. ಕೇಳುವ ಪ್ರಶ್ನೆ ಸಭೆಯ ಆಚೆಯದಾದರೆ ಅದೇ ಕಡತ ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ನಮ್ಮ ಕಡೆಯ ಸಾಕ್ಷಿ ಬೇರೊಂದು ಸಭೆಯದು. ಸ್ಪೇನಿನ ಜೆಸ್ವಿಟ್ ಹೆನ್ರಿ ಹೆರಾಸ್ ಮುಂಬಯಿಯಲ್ಲಿ ಕೂತು 1927ರಲ್ಲಿ ವಿಜಯನಗರದ ಅರವೀಡು ಅರಸರ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. ಮತ ಹರಡಲು ಚಂದ್ರಗಿರಿಗೆ ಬಂದ ಪಾದ್ರಿಗಳು ಬರೆದ ಪತ್ರಗಳು ಆ ಗ್ರಂಥದಲ್ಲಿ ವೆಂಕಟಪತಿ ರಾಯನ ಆಸ್ಥಾನದ ಸುದ್ದಿ ಹೇಳುತ್ತವೆ.