ತೆಂಕಿನ ಹಿಮ್ಮೇಳ: ಒಬ್ಬ ಕೇಳುಗನ ಶ್ರೇಯಾಂಕ

ಯಕ್ಷಗಾನದ ತೆಂಕುತಿಟ್ಟಿನ ಭಾಗವತಿಕೆಯಲ್ಲಿ ಪ್ರಯೋಗ ಎಂದ ಕೂಡಲೇ ನಾವು ರಾಗಗಳ ಲೆಕ್ಕ ಹಾಕತೊಡಗುತ್ತೇವೆ. ಯಾರು ಯಾವ ಹೊಸ ರಾಗ ತಂದರು, ಎಷ್ಟು ಹೊತ್ತು ಆಲಾಪನೆ ಮಾಡಿದರು ಎಂಬುದರ ಸುತ್ತಲೇ ಆಟ ಮುಗಿದ ಮೇಲಿನ ಚರ್ಚೆ ಸುತ್ತುತ್ತದೆ. ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ.ಯಲ್ಲಿ, ಈಗ ಮೊಬೈಲಿನಲ್ಲಿ ಹಿಮ್ಮೇಳವನ್ನಷ್ಟೇ ಮತ್ತೆ ಮತ್ತೆ ಕೇಳಿದ ನನ್ನ ಅಭಿಪ್ರಾಯ ಬೇರೆ. ಈ ಪರಂಪರೆಯ ನಿಜವಾದ ಪ್ರಯೋಗಗಳು ನಡೆದಿರುವುದು ಲಯದಲ್ಲಿ ಮತ್ತು ಶ್ರುತಿಯಲ್ಲಿ. ಧರ್ಮಸ್ಥಳ, ಕಟೀಲು, ಮೂಡುಬಿದಿರೆಗಳ ನಡುವೆ ಬೆಳೆದ ಈ ಹಾಡುಗಾರಿಕೆಯಲ್ಲಿ ನನ್ನ ಮೆಚ್ಚಿನ ಐದು ಧ್ವನಿಗಳನ್ನು ಆ ಅಳತೆಗೋಲು ಹಿಡಿದೇ ಸಾಲಾಗಿ ಇಟ್ಟಿದ್ದೇನೆ.

ಮೊದಲ ಸ್ಥಾನ ಬಲಿಪ ನಾರಾಯಣ ಭಾಗವತರಿಗೆ (1938–2023). ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿ ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ ಅವರು ಹಲವು ದಶಕ ಕಟೀಲು ಮೇಳದಲ್ಲಿ ಹಾಡಿದರು. ಅದೇ ಹೆಸರಿನ ಅಜ್ಜನಿಂದ ಬಂದದ್ದು ಅವರ ಶೈಲಿ. ಮೈಕ್ ಇಲ್ಲದ ಕಾಲದಲ್ಲಿ, ಗದ್ದೆಯಾಚೆ ಕೂತವನಿಗೂ ಮುಟ್ಟುವಂತೆ ರೂಪುಗೊಂಡ ಏರುಶ್ರುತಿಯ, ತೆರೆದ ಗಂಟಲಿನ ಹಾಡು ಅದು. ಅವರ ಯಾವುದಾದರೂ ಏರುಪದದ ಮುದ್ರಣವನ್ನು ಗಮನವಿಟ್ಟು ಕೇಳಿ. ಜಾಗಟೆಯ ಪೆಟ್ಟು ಕದಲುವುದಿಲ್ಲ. ಸಾಹಿತ್ಯ ಮಾತ್ರ ಆ ಪೆಟ್ಟಿಗಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿಯುತ್ತದೆ. ಎರಡನೆಯ ಸಲ ಅದೇ ಸಾಲಿಗೆ ಬಂದಾಗ ಒತ್ತು ಬೇರೆ ಅಕ್ಷರದ ಮೇಲೆ ಬಿದ್ದಿರುತ್ತದೆ. ಚೆಂಡೆ ಅದನ್ನು ಹಿಡಿದು ಬಿಡ್ತಿಗೆಗೆ ಬರುವ ಹೊತ್ತಿಗೆ, ವೇಷಧಾರಿಯ ಹೆಜ್ಜೆ ಕಾಣದಿದ್ದರೂ ಎಲ್ಲಿ ಬಿತ್ತೆಂದು ಗೊತ್ತಾಗುತ್ತದೆ. ಹಳೆಯ ಕ್ರಮ ಎಂದು ಎಲ್ಲರೂ ಕರೆಯುವ ಈ ಹಾಡಿನಲ್ಲೇ ಅತಿ ಹೆಚ್ಚು ಹೊಸತಿದೆ ಎಂಬುದು ನನ್ನ ನಂಬಿಕೆ. ದೇವೀಮಹಾತ್ಮೆಯನ್ನು ಐದು ದಿನದ ಪ್ರಸಂಗವಾಗಿ ಬರೆದವರೂ ಅವರೇ. ಕಾಲವನ್ನು ಹಿಗ್ಗಿಸುವ ಅದೇ ಧೈರ್ಯ ಅಲ್ಲಿಯೂ ಕಾಣುತ್ತದೆ.

ಎರಡನೆಯವರು ದಾಮೋದರ ಮಂಡೆಚ್ಚರು. ಕರ್ನಾಟಕ ಮೇಳದ ಡೇರೆಯಾಟಗಳಲ್ಲಿ, ತುಳು ಪ್ರಸಂಗಗಳ ಜೊತೆಯಲ್ಲಿ ಅವರ ಶೈಲಿ ಬೆಳೆಯಿತು. ಸಂಗೀತದ ರಾಗಗಳನ್ನು ಯಕ್ಷಗಾನಕ್ಕೆ ಧಾರಾಳವಾಗಿ ತಂದವರು ಅವರು. ಆದರೆ ತಂದ ರಾಗ ಪದದ ಅಳತೆಯೊಳಗೇ ಇರುತ್ತಿತ್ತು. ಕರುಣದ ಸನ್ನಿವೇಶವನ್ನು ಅರ್ಧ ಸಾಲಿನಲ್ಲಿ ನಿಲ್ಲಿಸಿ ಅರ್ಥಧಾರಿಗೆ ಬಿಟ್ಟುಕೊಡುತ್ತಿದ್ದರು. ಈ ಸಂಯಮವನ್ನು ಮುಂದಕ್ಕೆ ಒಯ್ದ ಶಿಷ್ಯ ದಿನೇಶ ಅಮ್ಮಣ್ಣಾಯರ ಮುದ್ರಣಗಳನ್ನೂ ನಾನು ಇದೇ ಸ್ಥಾನದಲ್ಲಿ ಸೇರಿಸಿ ಕೇಳುತ್ತೇನೆ.

ಮೂರನೆಯ ಸ್ಥಾನದಲ್ಲಿ ಕಡತೋಕ ಮಂಜುನಾಥ ಭಾಗವತರು. ಉತ್ತರ ಕನ್ನಡದಿಂದ ಬಂದು ಧರ್ಮಸ್ಥಳ ಮೇಳದಲ್ಲಿ ಬಹುಕಾಲ ಹಾಡಿದ ಅವರ ಕಂಠದಲ್ಲಿ ಬಡಗುತಿಟ್ಟಿನ ಎಳೆತವಿತ್ತು. ಅದು ತೆಂಕಿನ ಚೆಂಡೆಯ ಬಿರುಸಿಗೆ ಎದುರಾದಾಗ ಎರಡೂ ಬೇರೆಯಾಗಿಯೇ ಕೇಳಿಸುತ್ತವೆ, ಆದರೂ ಜಗಳವಾಡುವುದಿಲ್ಲ. ಎರಡು ತಿಟ್ಟುಗಳ ಬೆರಕೆ ಸಾಧ್ಯವೇ ಎಂದು ಕೇಳುವವರಿಗೆ ಅವರ ಹಾಡೇ ಉತ್ತರ.

ನಾಲ್ಕನೆಯವರು ಲೀಲಾವತಿ ಬೈಪಾಡಿತ್ತಾಯರು (1947–2024). ಶಾಸ್ತ್ರೀಯ ಸಂಗೀತ ಕಲಿತು ಬಂದು ಮೇಳಗಳ ತಿರುಗಾಟದಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರು. ಧರ್ಮಸ್ಥಳದ ತರಬೇತಿ ಕೇಂದ್ರದಲ್ಲಿ ಗುರುವೂ ಆಗಿದ್ದರು. ಗಂಡುದನಿಗೆ ಹೊಂದಿಸಿದ್ದ ಮದ್ದಳೆಯ ಶ್ರುತಿ ಅವರಿಗಾಗಿ ಬದಲಾಯಿತು. ಇಡೀ ಹಿಮ್ಮೇಳದ ನಾದವನ್ನೇ ಬೇರೆ ಎತ್ತರದಲ್ಲಿ ಕೂರಿಸಿದ ಈ ಕೆಲಸವನ್ನು ನಾವು ಸಾಹಸವೆಂದು ಹೊಗಳಿದೆವೇ ಹೊರತು ಸಂಗೀತವಾಗಿ ವಿಮರ್ಶೆ ಮಾಡಲಿಲ್ಲ.

ಐದನೆಯವರು ಇಂದಿನ ಪಟ್ಲ ಸತೀಶ ಶೆಟ್ಟರು. ಮೈಕನ್ನು ವಾದ್ಯದಂತೆ ಬಳಸಬಲ್ಲ ಕಂಠ ಅವರದು. ಪಿಸುಮಾತಿನಷ್ಟು ಸಣ್ಣ ಸ್ವರವೂ ಕೊನೆಯ ಕುರ್ಚಿಗೆ ತಲುಪುತ್ತದೆ. ಹೊಸ ಕೇಳುಗರನ್ನು ರಂಗಸ್ಥಳಕ್ಕೆ ಕರೆತಂದ ಶ್ರೇಯಸ್ಸು ಅವರಿಗಿದೆ. ಆದರೆ ಆಲಾಪನೆ ಉದ್ದವಾದಾಗ ಲಯ ಕಾಯಬೇಕಾಗುತ್ತದೆ, ವೇಷಧಾರಿಯೂ ಕಾಯುತ್ತಾನೆ. ಅವರನ್ನು ಐದರಲ್ಲಿ ನಿಲ್ಲಿಸಿದ್ದು ಈ ಕಾರಣಕ್ಕೆ.

ಈ ಐವರ ಹಿಂದೆ ಯಂತ್ರದ ಕಥೆಯೊಂದಿದೆ. ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂತು, ಅದರ ಜಾಗಕ್ಕೆ ವಿದ್ಯುತ್ ಶ್ರುತಿಪೆಟ್ಟಿಗೆ. ಜಗತ್ತಿನ ಬೇರೆಡೆ ವಿದ್ಯುತ್ ನಾದವನ್ನು ಪ್ರಯೋಗವೆಂದೇ ಕರೆದು ಕೇಳಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಕಟ್ಟಲು ನೆರವಾದರು. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆ ದಾಖಲೆ ಆಗ ಓಡಲಿಲ್ಲ. ದಶಕಗಳ ನಂತರ ಜಗತ್ತು ಅದನ್ನು ಹುಡುಕಿಕೊಂಡು ಬಂತು. ನಮ್ಮಲ್ಲಿ ವಿದ್ಯುತ್ತು ಬಂದದ್ದು ಯಾರೂ ಹೆಸರಿಡದೆ. ಶ್ರುತಿಪೆಟ್ಟಿಗೆ ಒಂದೇ ಸಮನೆ ನುಡಿಯತೊಡಗಿತು, ಮೈಕ್ ಬಂದ ಮೇಲೆ ಭಾಗವತರ ಶ್ರುತಿ ಇಳಿಯಿತು, ಚೆಂಡೆಗೂ ಮೈಕ್ ಇಟ್ಟಾಗ ಮದ್ದಳೆಯ ಸೂಕ್ಷ್ಮ ನುಡಿತ ಮುಚ್ಚಿಹೋಯಿತು. ಧ್ವನಿವರ್ಧಕದವನು ಎಕೋ ಏರಿಸಿದರೆ ಅಕ್ಷರವೂ ಹೋಗುತ್ತದೆ. ಹಿಮ್ಮೇಳದ ಇಂದಿನ ದೊಡ್ಡ ತೀರ್ಮಾನಗಳನ್ನು ಸಂಗೀತ ಬಲ್ಲವರಿಗಿಂತ ಹೆಚ್ಚಾಗಿ ಆ ಗುಂಡಿಗಳೇ ತೆಗೆದುಕೊಳ್ಳುತ್ತಿವೆ. ರಾಗ ಬೆರಕೆಯಾಯಿತೆಂದು ಕೊರಗುವ ವಿಮರ್ಶಕರು ಇದರ ಬಗ್ಗೆ ಮೌನವಾಗಿರುವುದು ಸರಿಯಲ್ಲ.

ನನ್ನ ಪಟ್ಟಿಗೆ ಒಂದು ಮಿತಿ ಇದೆ, ಅದು ಮುದ್ರಣಗಳಿಂದಲೇ ಬಂದದ್ದು. ಕ್ಯಾಸೆಟ್ಟಿನ ಮೇಲೆ ಭಾಗವತರ ಚಿತ್ರ ದೊಡ್ಡದಾಗಿರುತ್ತದೆ, ಚೆಂಡೆ ಮದ್ದಳೆಯವರ ಹೆಸರು ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಚಿಪ್ಪಾರು ಕೃಷ್ಣಯ್ಯ ಬಲ್ಲಾಳರು, ನೆಡ್ಲೆ ನರಸಿಂಹ ಭಟ್ಟರು, ದಿವಾಣ ಭೀಮ ಭಟ್ಟರು ಇಲ್ಲದ ತೆಂಕಿನ ಹಿಮ್ಮೇಳವನ್ನು ಊಹಿಸಲಾಗದು. ಅವರಂಥವರಿಗೆ ಬೇರೆಯೇ ಒಂದು ಶ್ರೇಯಾಂಕ ಬೇಕು. ಅದನ್ನು ಬರೆಯಲು ನುಡಿಸಿದವರು ಯಾರೆಂದು ಮೊದಲು ಗೊತ್ತಾಗಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಆಟದ ದಿನ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಕ್ಯಾಸೆಟ್ಟುಗಳಿವೆ. ನಮ್ಮ ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ತಾಳೆಗರಿಗಳನ್ನೂ ಹಳೆಯ ಕಾರುಗಳನ್ನೂ ಜೋಪಾನವಾಗಿ ಉಳಿಸಿದ ಧರ್ಮಸ್ಥಳದಲ್ಲಿ ಈ ಧ್ವನಿಗಳಿಗೂ ಒಂದು ಕೋಣೆ ಸಿಗಲಿ. ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮಲ್ಲಿರುವ ಕ್ಯಾಸೆಟ್ಟನ್ನು ಈ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿ. ಯಾವ ಊರಿನ ಆಟ, ಯಾವ ಮೇಳ, ಚೆಂಡೆ ಯಾರದು, ಮದ್ದಳೆ ಯಾರದು ಎಂದು ಹಿರಿಯರನ್ನು ಕೇಳಿ ಬರೆದಿಡಿ.