‘ಹೇಸು’ ಮತ್ತು ‘ಹೇಸಿಗೆ’: ಒಂದು ಅರ್ಥವಿಚಾರ

ತೀವ್ರವಾದ ಅಪ್ರಿಯತೆಯನ್ನು ಸೂಚಿಸುವ ಕನ್ನಡ ಶಬ್ದಗಳಲ್ಲಿ ‘ಹೇಸು’ ಧಾತುವಿಗೆ ಸಲ್ಲಬೇಕಾದ ಗಮನ ಸಂದಿಲ್ಲವೆಂದು ನಮಗೆ ತೋರುತ್ತದೆ. ‘ದ್ವೇಷ’ ಅಥವಾ ‘ಜುಗುಪ್ಸೆ’ಗೆ ಇದನ್ನು ಸಮಾನವೆಂದು ಹಿಡಿದು ಮುಂದೆ ಸಾಗುವುದುಂಟು. ಮರಾಠಿ, ಹಿಂದಿಗಳ ನಡುವೆ ಕುಳಿತು ಹಳಗನ್ನಡವನ್ನು ಓದುವ, ಅನುವಾದಿಸುವ ಸಂಶೋಧಕರಿಗೆ ಈ ಸಮೀಕರಣ ಅನುಕೂಲಕರವೇ. ಆದರೆ ಅದರಿಂದ ಕಾವ್ಯದ ಓದೇ ದಾರಿ ತಪ್ಪಬಹುದು.

ಮೊದಲು ವಿಭಕ್ತಿಯನ್ನು ಗಮನಿಸೋಣ. ‘ದ್ವೇಷಿಸು’ ದ್ವಿತೀಯೆಯನ್ನು ಬೇಡುತ್ತದೆ: ಶತ್ರುವನ್ನು ದ್ವೇಷಿಸುತ್ತಾನೆ. ‘ಹೇಸು’ ಚತುರ್ಥಿಯನ್ನು ಬೇಡುತ್ತದೆ: ಪಾಪಕ್ಕೆ ಹೇಸುತ್ತಾನೆ. ಮೊದಲನೆಯದರಲ್ಲಿ ಮನಸ್ಸು ಎದುರಿನವನತ್ತ ನುಗ್ಗುತ್ತದೆ. ಎರಡನೆಯದರಲ್ಲಿ ತಾನೇ ಹಿಂದಕ್ಕೆ ಸರಿಯುತ್ತದೆ. ‘ಕೊಲೆಗೂ ಹೇಸದವನು’ ಎಂದರೆ ಕೊಲೆಯನ್ನು ಮೆಚ್ಚುವವನೆಂದಲ್ಲ, ಒಳಗಿನ ತಡೆ ಕಳಚಿಹೋದವನೆಂದು. ಹಳಗನ್ನಡದ ‘ಪೇಸು’ ಪಕಾರ ಕಳೆದು ಹಕಾರ ಪಡೆದರೂ ಈ ಹಿಂಜರಿಕೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಸಂಸ್ಕೃತದ ‘ಜುಗುಪ್ಸಾ’ ಕೂಡ ರಕ್ಷಣಾರ್ಥಕವಾದ ‘ಗುಪ್’ ಧಾತುವಿನ ಸನ್ನಂತ ರೂಪದಿಂದ ಬಂದುದೇ. ತನ್ನನ್ನು ಕಾಪಾಡಿಕೊಳ್ಳುವ ಇಚ್ಛೆ ಅದರ ಮೂಲದಲ್ಲಿದೆ. ಬೀಭತ್ಸದ ಸ್ಥಾಯಿಭಾವವಾಗಿ ನೆಲೆಗೊಂಡ ಬಳಿಕ ಆ ಮೂಲ ಮರೆಯಾಯಿತು. (ಪತ್ರಿಕೆಗಳ ‘ಜೀವನದಲ್ಲಿ ಜಿಗುಪ್ಸೆ’ಯಲ್ಲಂತೂ ಬೇಸರ, ಹತಾಶೆಗಳಷ್ಟೇ ಉಳಿದಿವೆ.)

ನಾಮರೂಪದ ಗತಿ ಬೇರೆ. ‘ಹೇಸಿಗೆ’ ಭಾವದ ಹೆಸರಾಗಿ ಹುಟ್ಟಿ, ಆಡುಮಾತಿನಲ್ಲಿ ವಸ್ತುವಿನ ಹೆಸರಾಗಿದೆ. ‘ಹೇಸಿಗೆ ತುಳಿದೆ’ ಎನ್ನುವವನು ತುಳಿದದ್ದು ಭಾವವನ್ನಲ್ಲ, ಮಲವನ್ನು. ಹೇಸುವವನಲ್ಲಿದ್ದ ಗುಣ ಹೇಸಲ್ಪಟ್ಟದ್ದಕ್ಕೆ ಅಂಟಿಕೊಂಡಿತು. ‘ಹೇಸಿ’ ಎಂದು ಮನುಷ್ಯರನ್ನೇ ಬೈಯುವಾಗ ಹೇಸುತ್ತಿರುವವನು ಯಾರೆಂಬ ಪ್ರಶ್ನೆ ಕಾಣದಾಗುತ್ತದೆ. ಅಸ್ಪೃಶ್ಯತೆಯ ಭಾಷೆ ನಿಂತಿರುವುದು ಇಂತಹ ಸ್ಥಳಾಂತರದ ಮೇಲೆಯೇ. ‘ಅಸಹ್ಯ’ದ ಕಥೆಯೂ ದೂರದ್ದಲ್ಲ: ಮರಾಠಿ, ಹಿಂದಿಗಳಲ್ಲಿ ಅದಿನ್ನೂ ‘ಸಹಿಸಲಾಗದ್ದು’, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹೇಸಿಗೆ ಹುಟ್ಟಿಸುವುದು. ಕನ್ನಡಕ್ಕೆ ಹಳೆಯ ಅರ್ಥಕ್ಕಾಗಿ ‘ಅಸಹನೀಯ’ವೇ ಬೇಕಾಯಿತು.

ಈ ಭೇದದಿಂದ ಏನು ಪ್ರಯೋಜನವೆಂಬುದಕ್ಕೆ 1209ರ ಜನ್ನನ ಯಶೋಧರಚರಿತೆಯನ್ನು ನೋಡಬಹುದು. ರಾಣಿ ಅಮೃತಮತಿ ಕುರೂಪಿ ಮಾವುತನ ಹಾಡಿಗೆ ಸೋತು ಅವನನ್ನು ಕೂಡುತ್ತಾಳೆ. ಮಾವುತನ ಅಂಗಾಂಗಗಳ ವರ್ಣನೆಯಿಂದ ಓದುಗನಲ್ಲಿ ಹುಟ್ಟುವುದು ಹೇಸಿಗೆ. ಆದ್ದರಿಂದಲೇ ಕಾವ್ಯವನ್ನು ವಿಕಾರದೇಹದ ಹಾಗೂ ಸ್ತ್ರೀಕಾಮದ ಬಗೆಗಿನ ಜುಗುಪ್ಸೆಯ ಕಾವ್ಯವೆಂದು ಓದುವುದು ಸುಲಭ. ಈ ಓದನ್ನು ನಾವು ಒಪ್ಪುವುದಿಲ್ಲ. ಕಾವ್ಯದ ತಿರುವು ಇರುವುದು ಅರಸನ ಹೇಸುವಿಕೆಯಲ್ಲಿ. ಇಬ್ಬರನ್ನೂ ಕಣ್ಣಾರೆ ಕಂಡು ಕತ್ತಿ ಎತ್ತಿದವನು ತನ್ನನ್ನು ತಾನೇ ತಡೆಯುತ್ತಾನೆ. ದ್ವೇಷ ಅವನಲ್ಲಿ ಇಲ್ಲವೆಂದಲ್ಲ. ಅದಕ್ಕಿಂತ ಬಲವಾದುದು ಕೈ ಹಿಡಿಯಿತು.

ಆದರೆ ಮರುದಿನ ಕಂಡದ್ದನ್ನು ಮುಚ್ಚಿಡಲು ಕೆಟ್ಟ ಕನಸೊಂದನ್ನು ಕಟ್ಟಿ ತಾಯಿಗೆ ಹೇಳುತ್ತಾನೆ. ಸುಳ್ಳಿಗೆ ಅವನು ಹೇಸಲಿಲ್ಲ. ತಾಯಿ ಬಲಿ ಕೊಡೆಂದಾಗ ಜೀವಬಲಿಗೆ ಹೇಸುತ್ತಾನೆ. ಹಿಟ್ಟಿನ ಕೋಳಿಯಾದರೆ ಆಗಬಹುದೆಂದು ಒಪ್ಪುತ್ತಾನೆ. ಕಡಿದಾಗ ಆ ಕೋಳಿ ಕೂಗುತ್ತದೆ. ಜೈನಕವಿಗೆ ಸಂಕಲ್ಪವೇ ಹಿಂಸೆ. ಭವಭವಗಳ ಅಲೆದಾಟ ಶುರುವಾಗುವುದು ಮಾವುತನ ವಿಕಾರದಿಂದಲ್ಲ, ಅರಸ ಹೇಸದೆ ಉಳಿದ ಈ ಒಂದು ಗಳಿಗೆಯಿಂದ.

ಹಾಗಾಗಿ ಮರಾಠಿಗೆ ತರುವವರು ಮಾವುತನ ವರ್ಣನೆಗೆ ‘ಕಿಳಸ್’ ಬಳಸಲಿ, ಅಡ್ಡಿಯಿಲ್ಲ. ಅರಸನ ಕತ್ತಿ ನಿಂತ ಎಡೆಗೆ ಅದು ಸಲ್ಲದು. ಅಲ್ಲಿ ಹಿಂಜರಿಕೆಯನ್ನು ಸೂಚಿಸುವ ‘ಕಚರಣೇ’ ಕ್ರಿಯಾಪದವೇ ‘ಹೇಸು’ವಿಗೆ ಹತ್ತಿರವಾದುದು.