ನವಿಲುಗರಿಯ ಬೆಂಡು

ಇಂಗ್ಲೆಂಡಿನ ನದಿಗಳಲ್ಲಿ ಸಾಲ್ಮನ್, ಟ್ರೌಟ್ ವರ್ಗಕ್ಕೆ ಸೇರದ ಸಿಹಿನೀರಿನ ಮೀನುಗಳು ಮೊಟ್ಟೆಯಿಡುವ ಕಾಲವೆಂದು ಮಾರ್ಚ್ 15ರಿಂದ ಜೂನ್ 15ರವರೆಗೆ ಅವುಗಳಿಗೆ ಗಾಳ ಹಾಕುವುದು ನಿಷಿದ್ಧ. ಈ ಬಿಡುವಿನಲ್ಲಿ ಹಿರಿಯ ಹವ್ಯಾಸಿಗಳು ನವಿಲುಗರಿಯ ದಂಟನ್ನು ಕತ್ತರಿಸಿ, ಉಜ್ಜಿ, ತುದಿಗೆ ಕೆಂಪು ಬಣ್ಣ ಬಳಿದು, ಮೀನು ಕಚ್ಚಿದ್ದನ್ನು ತಿಳಿಸುವ ಬೆಂಡನ್ನು ತಾವೇ ಮಾಡಿಕೊಳ್ಳುವ ರೂಢಿ ನಿಜಕ್ಕೂ ಮೆಚ್ಚತಕ್ಕದ್ದು. ಹಸಿರು ಮೈಯ, ಕೆಂಪು ಕಣ್ಣಿನ ಟೆಂಚ್ ಮೀನು ತಳದ ಕೆಸರನ್ನು ಕೆದಕುತ್ತ ಮೇಯುವುದರಿಂದ, ಗಾಳದ ಸಮೀಪ ದಾರಕ್ಕೆ ಸಿಕ್ಕಿಸಿದ ಒಂದೇ ಗುಂಡು ತಳದಲ್ಲಿ ಕೂರುವಂತೆ ಆಳವನ್ನು ಹೊಂದಿಸಲಾಗುತ್ತದೆ. ಮೀನು ಎರೆಯನ್ನು ಕಚ್ಚಿ ತಲೆಯೆತ್ತಿದೊಡನೆ ಗುಂಡಿನ ಭಾರ ತಪ್ಪಿ, ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಹಿಂದೆ ಸೀಸದ್ದಾಗಿರುತ್ತಿದ್ದ ಇಂಥ ಸಣ್ಣ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ, 1987ರಲ್ಲಿ ಅವನ್ನು ನಿಷೇಧಿಸಿದ್ದು ತಕ್ಕ ಕ್ರಮವೇ ಆಗಿತ್ತು.